ಏಳು ಕೈ, ಐದು ಕೈ

ಪುಣೆಯ ನಮ್ಮ ಸೊಸೈಟಿಯಲ್ಲಿ ಹನ್ನೆರಡು ಮನೆಗಳು. ಸಭೆಯ ನಡಾವಳಿಯನ್ನು ಮರಾಠಿಯಲ್ಲಿ ಬರೆಯುವ ಕೆಲಸ ನನ್ನದು. ಮೆಟ್ರಿಕ್ ಓದಿದ ನನಗೆ ದುಂಡಗಿನ ಅಕ್ಷರವೇ ಅರ್ಹತೆ.

ನೆಲಮಹಡಿಯಲ್ಲಿ ವಿಜಯಪುರ ಕಡೆಯ ವಿಧವೆಯೊಬ್ಬರು ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದರು. ಮಗರಪಟ್ಟಾದ ಆಫೀಸಿನವರು ಬೈಕ್ ನಿಲ್ಲಿಸಿ ಒಯ್ಯುತ್ತಿದ್ದರು. ಮನೆಯಲ್ಲಿ ವ್ಯಾಪಾರ ಬೇಡವೆಂದು ಕೆಲವರು ತಕರಾರು ತೆಗೆದರು. ಪಾರ್ಕಿಂಗ್‌ನಲ್ಲಿ ಸಭೆ ಸೇರಿತು. ನಿಲ್ಲಿಸಬೇಕೆಂದು ಏಳು ಕೈ ಎದ್ದವು, ಇರಲಿ ಎಂದು ಐದು. ಏಳರಲ್ಲಿ ನನ್ನದೂ ಒಂದು. ರೊಟ್ಟಿ ಬಡಿಯುವ ಸಪ್ಪಳಕ್ಕೆ ನನ್ನ ಬೆಳಗಿನ ನಿದ್ದೆ ಕೆಡುತ್ತಿತ್ತು, ಅಷ್ಟೇ ಕಾರಣ.

ಬಹುಮತ ಎಂಬ ಮಾತು ಕನ್ನಡಕ್ಕೂ ಮರಾಠಿಗೂ ಒಂದೇ. ಹೆಚ್ಚು ಜನ ಒಪ್ಪಿದರು ಎಂದು ಅದು ಹೇಳುತ್ತದೆ. ಒಪ್ಪದವರೂ ಇದ್ದರು ಎಂಬುದನ್ನು ಮುಚ್ಚಿಡುವುದಿಲ್ಲ. ನಾನು ಆ ಮಾತನ್ನು ಬರೆಯಲಿಲ್ಲ. ಪ್ರತಿ ಠರಾವಿನ ಕೊನೆಗೆ ‘ಸರ್ವಾನುಮತದಿಂದ ಮಂಜೂರು’ ಎಂದು ಬರೆದು ಕೈಗೆ ರೂಢಿಯಾಗಿತ್ತು. ನೋಡಲಿಕ್ಕೂ ಚೆಂದ. ಹಾಗೆಯೇ ಬರೆದೆ.

ಆಕೆ ಸೊಸೈಟಿಗಳ ತಕರಾರು ಕೇಳುವ ಸಹಕಾರಿ ಕಚೇರಿಗೆ ದೂರು ಒಯ್ದರು. ಅಲ್ಲಿಯವರು ನನ್ನ ಬರಹವನ್ನೇ ತೋರಿಸಿ, ನೀವೂ ಒಪ್ಪಿದ್ದೀರಲ್ಲ ಎಂದು ಕಳಿಸಿದರು. ಮರಳಿದವರು ನನ್ನ ಬಾಗಿಲಲ್ಲಿ ನಿಂತರು.

“ಅಣ್ಣಾರ, ನನ್ನ ರೊಟ್ಟಿ ಬ್ಯಾಡ ಅಂತ ನಾನ ಕೈ ಎತ್ತಿದ್ನೇನ್ರಿ?”

“ಅದು ಬರಿಯೋ ಪದ್ಧತಿ ರೀ, ಅಕ್ಕಾರ.”

“ಪದ್ಧತಿ ಭಾಳ ಚಲೋ ಅದ ಬಿಡ್ರಿ,” ಎಂದು ಇಳಿದುಹೋದರು.

ಆ ವಾರವೇ ಸಪ್ಪಳ ನಿಂತಿತು. ಆಕೆ ಬೇರೆಯವರ ಮನೆಗೆ ಅಡುಗೆಗೆ ಹೋಗತೊಡಗಿದರು.

ಮುಂದಿನ ವರ್ಷದ ಸಭೆಯಲ್ಲಿ ಹಿಂದಿನ ನಡಾವಳಿ ಓದಿ, ಸಭೆಯ ಒಪ್ಪಿಗೆ ಪಡೆದು ಖಾಯಂ ಮಾಡಬೇಕಿತ್ತು. ಓದುತ್ತಾ ಆ ಸಾಲಿಗೆ ಬಂದು ನಿಂತೆ. ಇದು ತಪ್ಪು, ಐದು ಜನ ಒಪ್ಪಿರಲಿಲ್ಲ ಎಂದೆ. ಅಧ್ಯಕ್ಷರು ನಕ್ಕು ಮರಾಠಿಯಲ್ಲಿ, “ಕಾಕಾ, ಏಳಾದರೇನು ಹನ್ನೆರಡಾದರೇನು, ಗೆದ್ದದ್ದು ಗೆದ್ದಂತೆಯೇ,” ಎಂದರು.

“ಗೆದ್ದದ್ದು ನಿಜ. ಸೋತವರು ಒಪ್ಪಿದರು ಅನ್ನುವುದು ಸುಳ್ಳು,” ಎಂದೆ. ಎಲ್ಲರೆದುರು ‘ಸರ್ವಾನುಮತದಿಂದ’ ಎಂಬುದನ್ನು ಹೊಡೆದುಹಾಕಿ, ಬಹುಮತದಿಂದ, ಏಳು ವಿರುದ್ಧ ಐದು ಎಂದು ಬರೆದು ಸಹಿ ಹಾಕಿದೆ.

ಆಕೆ ಎದ್ದು ಬಂದರು. “ಐದರಾಗ ನನ್ನ ಹೆಸರು ಬರೀರಿ.” ಬರೆದೆ.

ಆ ಪುಟದ ಝೆರಾಕ್ಸ್ ಹಿಡಿದು ಇಬ್ಬರೂ ಕಚೇರಿಗೆ ಹೋದೆವು. ದೂರಿನ ಅವಧಿ ಮುಗಿದಿದೆ ಎಂದರು. ಬಸ್ಸಿನಲ್ಲಿ ಆಕೆ, “ಈ ಕಡಿ ಕೂಡ್ರಿ, ಅಲ್ಲಿ ಬಿಸಲ ಅದ,” ಎಂದು ಜಾಗ ಬಿಟ್ಟುಕೊಟ್ಟರು. ನಾನು ನೆರಳಿನ ಕಡೆ ಕೂತೆ. ಸ್ವಾರಗೇಟಿನಲ್ಲಿ ಇಳಿದು ಆಕೆ ಅಡುಗೆ ಕೆಲಸಕ್ಕೆ ಹೋದರು.