ಸುಶೀಲಕ್ಕನ ದಂಡೆಯ ಮೇಲಿನ ಗಿಡ

ನಾನು ಹೊಟ್ಟೆಕಿಚ್ಚಿನ ಹೆಂಗಸು. ಓರಗಿತ್ತಿಯ ಸೀರೆ, ತಂಗಿಯ ಬಳೆ, ಇವುಗಳ ಮೇಲೆ ಪಟ್ಟ ಕಿಚ್ಚನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಅಂಗೈಯಗಲದ ಒಂದು ಗಿಡದ ಮೇಲೆ ಪಟ್ಟದ್ದನ್ನು ಮಾತ್ರ ನಿಮ್ಮಲ್ಲಿ ಹೇಳಿಕೊಳ್ಳಬಹುದು ಅನ್ನಿಸುತ್ತಿದೆ. ಗಿಡ ಚಿಕ್ಕದೇ. ಕಿಚ್ಚು ಮಾತ್ರ ಅಷ್ಟು ಚಿಕ್ಕದಾಗಿರಲಿಲ್ಲ.

ಎಚೆವೇರಿಯಾ ಎಂದು ಬ್ರಹ್ಮಾವರದ ನರ್ಸರಿಯವರು ಅದರ ಹೆಸರು ಹೇಳಿದ್ದರು. ದಪ್ಪನೆಯ ಬೂದುಹಸಿರು ಎಲೆಗಳು ಒಂದರೊಳಗೊಂದು ಸುತ್ತಿಕೊಂಡು, ಕಲ್ಲಿನಲ್ಲಿ ಕೆತ್ತಿದ ಗುಲಾಬಿಯ ಹಾಗೆ ಕಾಣುತ್ತದೆ. ಸಾಸ್ತಾನದ ನಮ್ಮ ಓಣಿಗೆ ಅದನ್ನು ಮೊದಲು ತಂದವರು ಪಕ್ಕದ ಮನೆಯ ಸುಶೀಲಕ್ಕ. ತಂದು ಸಿಟೌಟಿನ ಗಿಡ್ಡ ಗೋಡೆಯ ದಂಡೆಯ ಮೇಲಿಟ್ಟು ಮರೆತೂಬಿಟ್ಟರು. ಅದು ಅಲ್ಲಿ ಕುಳಿತು ದಿನದಿಂದ ದಿನಕ್ಕೆ ಚಂದವಾಗತೊಡಗಿತು.

ಸುಶೀಲಕ್ಕ ಹೂವಿನಂಥ ಮನಸ್ಸಿನವರು, ಆದರೆ ಅವರ ಕೈಗೆ ಗಿಡ ಬರುವುದಿಲ್ಲ. ಕೈಗುಣವೆಂಬುದು ಇದ್ದರೆ ಅದು ನನ್ನದು, ಇದನ್ನು ಇಡೀ ಓಣಿ ಒಪ್ಪಿದೆ. ಯಾರ ಮನೆಯಲ್ಲಿ ಬಸಳೆಯ ಹೊಸ ಚಪ್ಪರ ಹಾಕಿದರೂ ಮೊದಲ ದಂಟು ಊರಲು ನನಗೆ ಕರೆ ಬರುತ್ತದೆ. ನಾನು ಹೋಗಿ, ಊರಿ, ಚಾ ಕುಡಿದು ಬರುತ್ತೇನೆ. ವಾರದೊಳಗೆ ಬಸಳೆ ಚಪ್ಪರ ಹತ್ತುತ್ತದೆ. ನನ್ನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಏನೂ ಇಲ್ಲದಿರಬಹುದು, ಈ ಒಂದು ಹೆಸರಿತ್ತು. ಅಂಥವಳ ಬೇಲಿಯಾಚೆ, ಒಂದು ಬಸಳೆಯನ್ನೂ ಉಳಿಸಿಕೊಳ್ಳಲಾರದ ಸುಶೀಲಕ್ಕನ ದಂಡೆಯಲ್ಲಿ ಆ ಗುಲಾಬಿ ಅರಳಿ ಕುಳಿತರೆ ನಾನಾದರೂ ಹೇಗೆ ಸಹಿಸಲಿ?

ಮರುವಾರವೇ ಬ್ರಹ್ಮಾವರಕ್ಕೆ ಹೋಗಿ ಅಂಥದ್ದೇ ಒಂದನ್ನು ತಂದೆ. ನಾನು ಮೀನಿನ ಬಂದರು ಹಂಗಾರಕಟ್ಟೆಯಲ್ಲಿ ಹುಟ್ಟಿದವಳು. ಮೀನು ತೊಳೆದ ನೀರಿಗಿಂತ ದೊಡ್ಡ ಗೊಬ್ಬರ ಲೋಕದಲ್ಲಿ ಇಲ್ಲವೆಂದು ತವರಿನಲ್ಲೇ ಕಲಿತವಳು. ಬಸಳೆಗೆ, ಕರಿಬೇವಿಗೆ, ಮಲ್ಲಿಗೆಗೆ ಅದನ್ನೇ ಹಾಕುತ್ತೇನೆ. ಇದಕ್ಕೂ ದಿನಾ ಬಂಗುಡೆ ತೊಳೆದ ನೀರು ಹೊಯ್ದೆ, ಪ್ರೀತಿಯಿಂದಲೇ. ಹತ್ತನೆಯ ದಿನ ಎಲೆಗಳು ಬೇಯಿಸಿದ ಹಾಗಾಗಿ ಕೈಯಲ್ಲಿ ಕಳಚಿ ಬಂದವು. ಬೆಕ್ಕೊಂದು ಮಾತ್ರ ಕುಂಡದ ಸುತ್ತ ಬಹಳ ಆಸೆಯಿಂದ ತಿರುಗುತ್ತಿತ್ತು. ಎರಡನೆಯದನ್ನು ತಂದು ಇನ್ನೂ ಹೆಚ್ಚು ಆರೈಕೆ ಮಾಡಿದೆ, ಅದು ಎಂಟೇ ದಿನಕ್ಕೆ ಹೋಯಿತು. ಮೂರನೆಯದರ ಕಥೆ ಕೇಳಬೇಡಿ.

ಮತ್ಸರದ ವಿಷಯದಲ್ಲಿ ನಮ್ಮ ಹಿರಿಯರು ಅಷ್ಟು ಗಮನ ಕೊಟ್ಟಂತಿಲ್ಲ. ಆರು ವೈರಿಗಳ ಸಾಲಿನಲ್ಲಿ ಕಾಮಕ್ರೋಧಗಳನ್ನು ಮುಂದೆ ಕೂರಿಸಿ ಇದನ್ನು ಕೊನೆಯ ಬೆಂಚಿಗೆ ಕಳಿಸಿದರು. ಕೊನೆಯ ಬೆಂಚಿನವರೇ ಕ್ಲಾಸು ಹಾಳುಮಾಡುವುದು ಎಂದು ಅವರಿಗೆ ಗೊತ್ತಿರಲಿಲ್ಲವೋ ಏನೋ. ಕನ್ನಡ ಮಾತ್ರ ಇದರ ಜಾಗ ಸರಿಯಾಗಿ ಗುರುತಿಸಿದೆ. ಕಿಚ್ಚು ಇರುವುದು ಹೊಟ್ಟೆಯಲ್ಲಿಯೇ. ಆ ದಿನಗಳಲ್ಲಿ ಸುಶೀಲಕ್ಕನ ದಂಡೆಯ ಕಡೆ ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ.

ಹೀಗಿರುವಾಗ ಮುಂಬಯಿಯಲ್ಲಿ ಸುಶೀಲಕ್ಕನ ತಮ್ಮನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಬಂತು. ಹೋದವರು ಒಂದೂವರೆ ತಿಂಗಳು ಅಲ್ಲೇ ಇದ್ದು ಬರುವುದೆಂದಾಯಿತು. ಹೊರಡುವ ದಿನ ಗೇಟಿನ ಬೀಗದ ಕೈಯನ್ನು ನನ್ನ ಕೈಯಲ್ಲಿಟ್ಟು, ಆ ಗಿಡವನ್ನು ನನಗೇ ಒಪ್ಪಿಸಿದರು. "ಹದಿನೈದ್ ದಿನಕ್ಕೊಂದ್ ಸಲ ಎರಡ್ ಚಮ್ಚ ನೀರ್ ಹಾಕ್ರೆ ಸಾಕ್ ಮಾರಾಯ್ತಿ. ಜಾಸ್ತಿ ಹಾಕುಕಾಗ" ಎಂದರು.

ಎರಡು ಚಮಚ ಎಂಬ ಮಾತು ನನಗೆ ಬರೀ ಜಂಬವಾಗಿ ಕೇಳಿಸಿತು. ಬದುಕುವ ಗಿಡಕ್ಕೆ ಕುಡಿಯಲು ಬೇಡವೇ? ಆದರೂ ಅವರ ಬಸ್ಸು ಹೊರಟ ಮೇಲೆ ನಾನು ಮನಸ್ಸಿನಲ್ಲೇ ಒಂದು ನಿರ್ಧಾರ ಮಾಡಿದೆ. ಅದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಆ ಎರಡು ಚಮಚವನ್ನೂ ನಾನು ಹಾಕುವುದಿಲ್ಲ. ಒಣಗಿ ಹೋಗಲಿ. ಮೂರು ಗಿಡ ಕಳೆದುಕೊಂಡವಳ ಸಂಕಟ ಅವರಿಗೂ ಸ್ವಲ್ಪ ತಿಳಿಯಲಿ.

ದಿನಾ ಹೋಗಿ ಅವರ ಅಂಗಳದ ತುಳಸಿಗೆ ನೀರು ಹಾಕಿ, ಇದರ ಮುಂದೆ ಬರಿಗೈಯಲ್ಲಿ ನಿಂತು ಬರುತ್ತಿದ್ದೆ. ಎಲೆ ಬಾಡಿತೇ ಎಂದು ನೋಡುತ್ತಿದ್ದೆ. ಬಾಡಲಿಲ್ಲ. ಇಪ್ಪತ್ತು ದಿನಕ್ಕೆ ಎಲೆಯ ತುದಿಗಳು ಕೆಂಪಾದವು. ನನಗೆ ಸಾವಿನ ಗುರುತು ಎಂದು ಕಂಡದ್ದು ಅದರ ಹೊಸ ಸಿಂಗಾರವಾಗಿತ್ತು. ತಿಂಗಳು ಕಳೆಯುವಾಗ ಬುಡದಲ್ಲಿ ಎರಡು ಮರಿಗಳು ಇಣುಕಿದವು. ಆಮೇಲೆ ಓದಿ ತಿಳಿದದ್ದು, ಈ ಜಾತಿಯ ಗಿಡಗಳು ಎಲೆಯೊಳಗೇ ನೀರು ಕೂಡಿಟ್ಟುಕೊಳ್ಳುತ್ತವಂತೆ, ಹಗಲೆಲ್ಲ ಬಾಯಿ ಮುಚ್ಚಿಕೊಂಡಿದ್ದು ಕತ್ತಲಾದ ಮೇಲೆಯೇ ಉಸಿರಾಡುತ್ತವಂತೆ. ನೀರು ಹೆಚ್ಚಾದರೆ ಮಾತ್ರ ಬೇರು ಕೊಳೆಯುತ್ತದಂತೆ.

ಸುಶೀಲಕ್ಕ ಬಂದವರು ಚೀಲ ಇಳಿಸುವ ಮೊದಲೇ ಗಿಡ ನೋಡಿದರು. ಎಂತ ಮಾಡಿದೆ ಎಂದು ಕೇಳಿದರು. ಏನೂ ಮಾಡಲಿಲ್ಲ ಎಂದೆ. ನನ್ನ ಜೀವಮಾನದಲ್ಲಿ ಅಷ್ಟು ನಿಜವಾದ ಮಾತನ್ನು ಆಡಿದ್ದು ಕಡಿಮೆ. ಅವರು ಅದನ್ನು ವಿನಯ ಎಂದುಕೊಂಡರು. ನನ್ನ ಕೈ ಹಿಡಿದು ಹೇಳಿದರು: "ನಿಂಗೆ ಹೊಟ್ಟೆಕಿಚ್ಚ್ ಅಂಬುದೇ ಇಲ್ಲೆ ಕಾಣ್. ಹಾಂಗಾಯಿ ಗಿಡ ಬದ್ಕಿತ್. ಬೇರೆಯವ್ರ್ ಕೈಯಂಗೆ ಕೊಟ್ಟಿದ್ರೆ ಸಾಯ್ತಿತ್."

ನೆಲ ಬಾಯಿಬಿಡಬಾರದೇ ಅನ್ನಿಸಿತು. ನನ್ನ ಪ್ರೀತಿ ಮೂರು ಗಿಡ ಕೊಂದಿತ್ತು, ಒಂದನ್ನು ಉಳಿಸಿದ್ದು ನನ್ನ ಹೊಟ್ಟೆಕಿಚ್ಚು. ಇದನ್ನು ಅವರಿಗೆ ಹೇಗೆ ಹೇಳುವುದು? ಅವರು ಒಂದು ಮರಿಯನ್ನು ಬಿಡಿಸಿ, ಪುಟ್ಟ ಕುಂಡದಲ್ಲಿ ಊರಿ, ನನ್ನ ಕೈಗೆ ಕೊಟ್ಟರು.

ಮನೆಗೆ ತಂದೆ. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಬಂಗುಡೆ ತೊಳೆದು ಏಳುವಾಗ, ಪಾಪ ಎಷ್ಟು ಬಾಯಾರಿದೆಯೋ ಎಂದು ಮನಸ್ಸು ಕರಗಿತು. ಪಾತ್ರೆ ಹಿಡಿದ ಕೈ ಕುಂಡದ ಮೇಲೆ ಬಂದೂ ಆಗಿತ್ತು. ಅದು ನನ್ನದಾದ ಗಳಿಗೆಯಿಂದಲೇ ಅದರ ಆಯುಸ್ಸು ಕಡಿಮೆಯಾಗಿದೆಯೆಂದು ಆಗ ಗೊತ್ತಾಯಿತು. ಕುಂಡ ಎತ್ತಿಕೊಂಡು ಸೀದಾ ಬೇಲಿಯಾಚೆ ಹೋದೆ. ನಮ್ಮಲ್ಲಿ ಬಿಸಿಲು ಸಾಲದು, ಇಲ್ಲೇ ಇರಲಿ ಎಂದು ಸುಶೀಲಕ್ಕನ ದಂಡೆಯ ಮೇಲೆ ಇಟ್ಟು ಬಂದೆ.

ಈಗ ದಿನಾ ಬೆಳಿಗ್ಗೆ ಬೇಲಿಯಾಚೆ ನೋಡುತ್ತೇನೆ. ನನ್ನದೇ ಗಿಡ, ಇನ್ನೊಬ್ಬರ ದಂಡೆಯ ಮೇಲೆ ಅಷ್ಟು ಚಂದವಾಗಿ ಕುಳಿತಿರುತ್ತದೆ. ಹೊಟ್ಟೆ ಸಣ್ಣಗೆ ಉರಿಯುತ್ತದೆ. ಗಿಡ ಚೆನ್ನಾಗಿದೆ.