ಅವ್ವನ ಶಿಮ್ಲಾ, ಮೆಣಸಿನಕಾಯಿ ಗೋದಾಮಿನ ಮಾರ್ಗವಾಗಿ

ನಮ್ಮ ಮನೆತನದಲ್ಲಿ ಹಿಮವನ್ನು ಕೈಯಲ್ಲಿ ಹಿಡಿದು ಬಂದವರ ಪೈಕಿ ಅವ್ವನೇ ಮೊದಲಿಗಳು. ಆ ಪ್ರವಾಸದ ಯೋಜನೆ ಹಾಕಿದವನು ನಾನು. ಈ ಎರಡನೆಯ ಮಾತನ್ನು ಹೇಳಿದಾಗಲೆಲ್ಲ ಅಣ್ಣ ಎದ್ದು ಹೊರಗೆ ಹೋಗುತ್ತಾನೆ.

ಅಣ್ಣ ಆಗ ರಾಣೆಬೆನ್ನೂರಿನ ಒಂದು ಬ್ಯಾಂಕಿನಲ್ಲಿ ಕ್ಲಾರ್ಕ್. ಕೆಲವು ವರ್ಷಕ್ಕೊಮ್ಮೆ ಮನೆಯವರನ್ನು ಕರೆದುಕೊಂಡು ದೇಶದ ಯಾವ ಮೂಲೆಗಾದರೂ ಹೋಗಿಬರಬಹುದು, ರೈಲಿನ ಖರ್ಚು ಬ್ಯಾಂಕಿನದು. ಅವನ ಜೊತೆಯವರೆಲ್ಲ ತಿರುಪತಿ, ಕನ್ಯಾಕುಮಾರಿ ಮುಗಿಸಿ ಬಂದಿದ್ದರು. ಅಣ್ಣನಿಗೆ ಅವರೆಲ್ಲರಿಗಿಂತ ದೂರ ಹೋಗಬೇಕಿತ್ತು. ಎಲ್ಲಿಗೆ ಎಂದು ಊಟದ ಹೊತ್ತಿಗೆ ಕೇಳಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಒಲೆಯ ಮೇಲಿನ ಗೋಡೆಯ ಕಡೆ ಗದ್ದ ಎತ್ತಿದಳು.

ಅಲ್ಲೊಂದು ಹಳೇ ಕ್ಯಾಲೆಂಡರ್ ಇತ್ತು. ಅಪ್ಪ ಲೆಕ್ಕ ಬರೆಯುತ್ತಿದ್ದ ಮೆಣಸಿನಕಾಯಿ ದಲಾಲಿ ಅಂಗಡಿಯವರು ಎಂದೋ ಕೊಟ್ಟದ್ದು. ತಾರೀಖಿನ ಹಾಳೆಗಳು ಹರಿದುಹೋಗಿ ಎಷ್ಟೋ ಕಾಲವಾಗಿತ್ತು, ಚಿತ್ರವೊಂದೇ ಉಳಿದಿತ್ತು. ಹಿಮ ಹೊದ್ದ ಬೆಟ್ಟ, ಕೆಂಪು ಛಾವಣಿಯ ಮನೆಗಳು, ಕೆಳಗೆ ಶಿಮ್ಲಾ ಎಂಬ ಹೆಸರು. ಒಗ್ಗರಣೆಯ ಹೊಗೆ ಹಿಡಿದು ಹಿಮ ಚಹಾದ ಬಣ್ಣಕ್ಕೆ ತಿರುಗಿತ್ತು. ಅದು ಖರೇನೇ ಹಾಗಿದೆಯೋ ಅಥವಾ ಯಾರೋ ಬಣ್ಣ ಬಳಿದಿದ್ದಾರೋ ಎಂಬುದು ಅವ್ವನ ಬಹಳ ದಿನದ ಸಂಶಯ. ಒಮ್ಮೆ ಮುಟ್ಟಿ ನೋಡಬೇಕು ಎಂದಳು.

ಯೋಜನೆಯ ಹೊಣೆ ನನ್ನ ಮೇಲೆ ಬಿತ್ತು. ನಾನು ಬ್ಯಾಡಗಿಯಿಂದ ಹಾವೇರಿಯ ಕಾಲೇಜಿಗೆ ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದೆ. ಹಾಗಾಗಿ ರೈಲಿನ ವಿಷಯದಲ್ಲಿ ನಾನು ಪಂಡಿತನೆಂದು ಮನೆಯವರು ನಂಬಿದ್ದರು. ನಾನೂ ನಂಬಿದ್ದೆ. ಸ್ಟೇಷನ್ ಮಾಸ್ತರರನ್ನು ಕಾಡಿ ಬೇಡಿ ಒಂದು ಹಳೇ ಟೈಮ್‌ಟೇಬಲ್ ತಂದು ವಾರಗಟ್ಟಲೆ ಅದರ ಮೇಲೆ ಕವುಚಿಕೊಂಡು ಬಿದ್ದೆ. ನಮ್ಮ ಕಡೆ ಆಗಿನ್ನೂ ಮೀಟರ್ ಗೇಜಿನ ಸಣ್ಣ ಹಳಿ. ಬ್ಯಾಡಗಿಯಿಂದ ಹುಬ್ಬಳ್ಳಿ, ಅಲ್ಲಿಂದ ಮಿರಜ, ಮಿರಜದಲ್ಲಿ ದೊಡ್ಡ ಹಳಿಯ ಗಾಡಿ ಹತ್ತಿದರೆ ದಿಲ್ಲಿ, ದಿಲ್ಲಿಯಿಂದ ಕಾಲ್ಕಾ, ಕಾಲ್ಕಾದಿಂದ ಮುಂದೆ ನಮ್ಮದಕ್ಕಿಂತಲೂ ಸಣ್ಣ ಹಳಿಯ ಮೇಲೆ ಶಿಮ್ಲಾ. ಒಂದು ಗಾಡಿ ಇಳಿಯುವುದರೊಳಗೆ ಇನ್ನೊಂದು ನಮಗಾಗಿ ಕಾದು ನಿಂತಿರಬೇಕು, ಹಾಗೆ ಎಲ್ಲವನ್ನೂ ಹೊಂದಿಸಿ ಅಣ್ಣನ ಮುಂದೆ ಹಾಳೆ ಹರವಿದೆ. ಅವನು ಬಹಳ ಹೊತ್ತು ನೋಡಿದ. ಆಮೇಲೆ, ಇವೆಲ್ಲ ಈ ಕಡೆ ಬರುವ ಗಾಡಿಗಳು, ಆ ಕಡೆ ಹೋಗುವವಲ್ಲ ಎಂದ. ಅಪ್ ಯಾವುದು, ಡೌನ್ ಯಾವುದು ಎಂಬುದು ನನಗೆ ತಿರುಗುಮುರುಗಾಗಿತ್ತು. ನನ್ನ ಯೋಜನೆಯ ಪ್ರಕಾರ ನಾವು ಶಿಮ್ಲಾದಿಂದ ಬ್ಯಾಡಗಿಗೆ ಸುಸೂತ್ರವಾಗಿ ಬಂದು ಇಳಿಯುತ್ತಿದ್ದೆವು. ಅಲ್ಲಿಗೆ ಹೋಗುವುದೊಂದೇ ಬಾಕಿ ಇತ್ತು.

ಮಾರ್ಗವನ್ನು ಅಣ್ಣ ಕಸಿದುಕೊಂಡ ಮೇಲೆ ನನಗೆ ಉಳಿದದ್ದು ಕಾಲ. ಯಾವ ತಿಂಗಳು ಹೋದರೆ ಹಿಮ ಸಿಗುತ್ತದೆ ಎಂದು ಪತ್ತೆ ಹಚ್ಚಬೇಕಿತ್ತು. ದೀಪಾವಳಿಯ ಹೊತ್ತಿಗೆ ಹಾವೇರಿ ಬಸ್‌ಸ್ಟ್ಯಾಂಡಿನ ಹತ್ತಿರ ಟಿಬೇಟಿನವರು ಸ್ವೆಟರ್ ಮಾರಲು ಕೂಡುತ್ತಿದ್ದರು. ಹಿಮಾಲಯವೇ ನಮ್ಮ ಬಸ್‌ಸ್ಟ್ಯಾಂಡಿಗೆ ಬಂದು ಕೂತಿರುವಾಗ ಬೇರೆ ಯಾರನ್ನು ಕೇಳುವುದು? ನನಗೆ ಬರುತ್ತಿದ್ದ ಅಷ್ಟೂ ಹಿಂದಿಯನ್ನು ಒಟ್ಟುಗೂಡಿಸಿ, ನನ್ನ ವಾರಿಗೆಯ ಒಬ್ಬ ಹುಡುಗಿಯನ್ನು, ನಿಮ್ಮೂರಲ್ಲಿ ಹಿಮ ಯಾವಾಗ ಬೀಳುತ್ತದೆ ಎಂದು ಕೇಳಿದೆ. ಅವಳು ಸ್ವೆಟರ್ ಮಡಚುವ ಕೈ ನಿಲ್ಲಿಸಲಿಲ್ಲ.

“ಅಣ್ಣಾರ, ನಾ ಹುಟ್ಟಿದ್ದು ಇಲ್ಲೇ ಮುಂಡಗೋಡದ ಟಿಬೇಟ್ ಕ್ಯಾಂಪಿನಾಗ. ಹಿಮಾಲಯ ನಾನೂ ಕ್ಯಾಲೆಂಡರ್‌ದಾಗ ನೋಡೀನಿ. ಸ್ವೆಟರ್ ಬೇಕಾದ್ರ ತಗೋರಿ, ಇಲ್ಲಾಂದ್ರ ಗಿರಾಕಿಗೆ ಅಡ್ಡ ನಿಂದರಬ್ಯಾಡ್ರಿ.”

ಮರ್ಯಾದೆ ಉಳಿಸಿಕೊಳ್ಳಲು ಒಂದು ಸ್ವೆಟರ್ ಕೊಂಡೆ. ಅದರ ತೋಳಿನಲ್ಲಿ ನನ್ನಂಥ ಇನ್ನೊಬ್ಬನನ್ನು ತುಂಬಬಹುದಿತ್ತು. ಪಕ್ಕದಲ್ಲಿ ಕೂತಿದ್ದ ಅವಳ ಅಪ್ಪನಿಗೆ ನನ್ನ ಮೇಲೆ ಕರುಣೆ ಬಂದಿರಬೇಕು. ಅವನು ಆ ಕಡೆಯಿಂದಲೇ ಬಂದವನು. ಮೇ ತಿಂಗಳಲ್ಲಿ ಶಿಮ್ಲಾಕ್ಕೆ ಮಂದಿ ಬಹಳ ಹೋಗುತ್ತಾರೆ, ಆದರೆ ಆಗ ಹಿಮ ದೂರದ ಬೆಟ್ಟದ ತುದಿಯಲ್ಲಷ್ಟೇ. ಕೈಗೆ ಸಿಗಬೇಕೆಂದರೆ ಜನವರಿಯಲ್ಲಿ ಹೋಗಬೇಕು ಎಂದ.

ಜನವರಿ ಎಂದೊಡನೆ ಮನೆಯಲ್ಲಿ ಎಲ್ಲರ ಕೈ ತಾಟಿನಲ್ಲೇ ನಿಂತಿತು. ಜನವರಿ ಎಂದರೆ ನಮ್ಮೂರಿಗೆ ಹೊಸ ಮೆಣಸಿನಕಾಯಿ ಬಂದು ಬೀಳುವ ಕಾಲ. ಮಾರ್ಕೆಟ್ ಯಾರ್ಡು ಕೆಂಪಾಗುತ್ತದೆ, ಅಂಗಡಿ ಬಿಟ್ಟು ಅಪ್ಪ ಅಲ್ಲಾಡುವಂತಿಲ್ಲ. ತಾನು ಬರದಿದ್ದರೂ ನಡೆಯುತ್ತದೆ ಎಂದ ಅಪ್ಪ. ಆದರೆ ಅವ್ವನ ಮಾತು ಬೇರೆ. ಅವಳಿಗೆ ಪ್ರತಿ ವರ್ಷ ಸಂಕ್ರಾಂತಿ ಕಳೆಯುತ್ತಿದ್ದಂತೆ ಕೆಮ್ಮು ಹತ್ತಿ, ಯುಗಾದಿ ಬಂದರೂ ಬಿಡುತ್ತಿರಲಿಲ್ಲ. ಅಂಗಡಿಯಿಂದ ಚೀಲಗಳು ನಮ್ಮ ಅಂಗಳಕ್ಕೆ ಬರುತ್ತಿದ್ದವು. ಅವ್ವ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ, ಕೆಮ್ಮುತ್ತ, ಮತ್ತೆ ಬಿಡಿಸುತ್ತ ಕೂಡುತ್ತಿದ್ದಳು. ಅದು ಥಂಡಿಯ ಕೆಮ್ಮು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಬ್ಯಾಡಗಿಯ ಥಂಡಿಗೇ ಹೀಗಾಗುವವಳು ಶಿಮ್ಲಾದ ಥಂಡಿಗೆ ಏನಾದಾಳು? ಅಪ್ಪ, ಅಣ್ಣ ಇಬ್ಬರೂ ಕೂಡಿ ತೀರ್ಪು ಕೊಟ್ಟರು. ಅವ್ವ ಬರುವುದಾದರೆ ಮೇ, ಹಿಮವಿಲ್ಲ. ಹಿಮ ಬೇಕಾದರೆ ಜನವರಿ, ಅವ್ವನಿಲ್ಲ.

“ಬರೇ ಗುಡ್ಡ ನೋಡಾಕ ಅಷ್ಟು ದೂರ ಯಾಕ ಹೋಗಬೇಕು, ದೇವರಗುಡ್ಡ ಇಲ್ಲೇ ಐತಿ,” ಎಂದಳು ಅವ್ವ. “ಜನವರಿಗೆ ನೀವಿಬ್ರು ಹೋಗಿ ಬರ್ರಿ. ನಾ ಕ್ಯಾಲೆಂಡರ್ ನೋಡ್ಕೋತ ಇರತೇನಿ.”

ಸಿಟ್ಟಿನಿಂದ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ತಣ್ಣಗೆ ಹೇಳಿ, ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಇಂಥ ಹೊತ್ತಿನಲ್ಲಿ ನನ್ನ ಬಾಯಿಗೆ ಬರುವುದು ಕುಚೇಷ್ಟೆಯೊಂದೇ. ಶಿಮ್ಲಾದ ಥಂಡಿಯನ್ನು ಅವ್ವ ತಡೆಯುತ್ತಾಳೋ ಇಲ್ಲವೋ ನೋಡಲು ಶಿಮ್ಲಾದ ತನಕ ಯಾಕೆ ಹೋಗಬೇಕು, ನಮ್ಮೂರಲ್ಲೇ ಕೋಲ್ಡ್ ಸ್ಟೋರೇಜ್ ಇದೆಯಲ್ಲ, ಮೆಣಸಿನಕಾಯಿ ಚೀಲದ ಪಕ್ಕ ಅವಳನ್ನೂ ಇಟ್ಟು ನೋಡೋಣ ಎಂದೆ. ಅಣ್ಣ ನಕ್ಕ. ಅಪ್ಪನೂ ನಕ್ಕ. ಅವ್ವ ನಗಲಿಲ್ಲ.

“ನಾಳೆ ಕರಕೊಂಡು ಹೋಗು,” ಎಂದಳು.

ಕೋಲ್ಡ್ ಸ್ಟೋರೇಜಿನ ಮಷೀನು ನೋಡಿಕೊಳ್ಳುತ್ತಿದ್ದ ಮಿಸ್ತ್ರಿ ಅಪ್ಪನ ಹಳೆಯ ಗೆಳೆಯ. ನಾವೆಲ್ಲ ಅವನನ್ನು ಚಾಚಾ ಎನ್ನುತ್ತಿದ್ದೆವು. ಅವ್ವ, ಅಪ್ಪ, ನಾನು ಮೂವರೂ ಬಂದ ಕಾರಣ ಕೇಳಿ ಅವನು ಅಪ್ಪನ ಮುಖ ನೋಡಿದ. ಅಪ್ಪ ಗೋಡೆ ನೋಡಿದ. ದಪ್ಪ ಬಾಗಿಲು ತೆರೆದು ನಮ್ಮನ್ನು ಒಳಗೆ ಬಿಟ್ಟ ಚಾಚಾ, ಉಸಿರು ಕಟ್ಟಿದರೆ ಬಾಗಿಲು ಬಡಿಯಿರಿ ಎಂದು ಹೇಳಿ ಹೊರಗೆ ಉಳಿಯುವ ಬದಲು ತಾನೇ ಜೊತೆಗೆ ಬಂದು ನಿಂತ. ನಾನು ಮುಂಡಗೋಡದ ಸ್ವೆಟರ್, ಅದರ ಒಳಗೆ ಅಣ್ಣನ ಸ್ವೆಟರ್, ಅಪ್ಪನ ಮಫ್ಲರ್, ಮಂಕಿ ಟೋಪಿ ಎಲ್ಲ ಏರಿಸಿಕೊಂಡು ಬಂದಿದ್ದೆ. ಅವ್ವ ಸೀರೆಯ ಮೇಲೊಂದು ಶಾಲು ಹೊದ್ದಿದ್ದಳು, ಅಷ್ಟೆ. ಕೆಳಗಿನ ಸಾಲಿನ ಚೀಲವೊಂದರ ಮೇಲೆ ಆರಾಮಾಗಿ ಕೂತು, ಚಂಚಿ ಬಿಚ್ಚಿ ಎಲೆ ಅಡಿಕೆ ಹಾಕಿಕೊಂಡಳು.

ನನ್ನ ಹಲ್ಲುಗಳು ಬೇಗನೆ ಸದ್ದು ಮಾಡತೊಡಗಿದವು. ಅಪ್ಪ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಅವ್ವ ಚಾಚಾನ ಮಗಳ ಬಾಣಂತನದ ಸುದ್ದಿ ಕೇಳುತ್ತಿದ್ದಳು. ಒಂದು ಸಲವೂ ಕೆಮ್ಮಲಿಲ್ಲ. ಅವಳು ಗೆಲ್ಲುತ್ತಾಳೆ ಎಂಬ ಹುರುಪಿಗೂ ಮೈ ಬೆಚ್ಚಗಾಗಲೆಂದೂ ನಾನು ನಿಂತಲ್ಲೇ ಕುಣಿಯಲು ಶುರುಮಾಡಿದೆ. ಕುಣಿಯುತ್ತ ಕಾಲು ಜಾರಿತು. ಆಸರೆಗೆಂದು ಮೇಲಿನ ಚೀಲ ಹಿಡಿದೆ. ಅದು ನನ್ನೊಂದಿಗೇ ಇಳಿದು ಬಂತು. ಹೊಲಿಗೆ ಬಿಚ್ಚಿ ಹೋದ ವರ್ಷದ ಮೆಣಸಿನಕಾಯಿಯೆಲ್ಲ ನನ್ನ ಮೇಲೆ ಸುರಿದು, ಘಾಟು ಎದ್ದಿತು. ಮೊದಲು ನಾನು ಸೀನಿದೆ, ಆಮೇಲೆ ಅಪ್ಪ. ಅದರ ಬೆನ್ನಿಗೇ ಅವ್ವನಿಗೆ ಕೆಮ್ಮು ಹತ್ತಿತು, ಥೇಟ್ ಅದೇ ಸಂಕ್ರಾಂತಿಯ ಕೆಮ್ಮು.

ಅಪ್ಪ ಮೂಗು ಒರೆಸಿಕೊಂಡು, ನೋಡಿದಿಯಾ, ಥಂಡಿ ತನ್ನ ಗುಣ ತೋರಿಸಿತು ಎಂದ. ಕೆಮ್ಮು ನಿಂತ ಮೇಲೆ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಥಂಡಿ ಅಲ್ರಿ. ಇಷ್ಟೊತ್ತೂ ಥಂಡ್ಯಾಗ ಕೂತಿದ್ದೆ, ಕೆಮ್ಮಿದೆ ಏನು? ಈ ಮಂಗ್ಯಾ ಚೀಲ ಕೆಡವಿದ ಮ್ಯಾಲೆ ಬಂತು. ಥಂಡಿ ಕೆಮ್ಮಾಗಿದ್ರ ಯುಗಾದಿ ಬಿಸಲಾಗ ಯಾಕ ಇರತಿತ್ತು?”

ಘಾಟಿಗೆ ಕೆಮ್ಮುವವರು ಪರವೂರಿನವರು, ಬ್ಯಾಡಗಿಯವರಿಗೆ ಘಾಟು ಲೆಕ್ಕಕ್ಕಿಲ್ಲ ಎಂಬುದು ನಮ್ಮೂರಿನ ಹೆಮ್ಮೆ. ಆ ಹೆಮ್ಮೆಯಲ್ಲಿ ನಾವು ಇಷ್ಟು ವರ್ಷ ಪಾಪದ ಥಂಡಿಯ ಮೇಲೆ ಆಪಾದನೆ ಹೊರಿಸಿಕೊಂಡು ಬಂದಿದ್ದೆವು. ಅವ್ವನಿಗೆ ಕೆಮ್ಮು ಹತ್ತುತ್ತಿದ್ದದ್ದು ಚೀಲ ಬಂದಾಗ, ಬಿಡುತ್ತಿದ್ದದ್ದು ಚೀಲ ತೀರಿದಾಗ. ಚಾಚಾ ಕೆಳಗೆ ಬಿದ್ದ ಚೀಲದ ಕಡೆ ಕೈ ತೋರಿಸಿದ.

“ಬೇಟಾ, ಮೊದಲ ಆ ಚೀಲ ತುಂಬಿ ಹೊಲಿ. ಆಮ್ಯಾಲೆ ಹಿಮಾಲಯ.”

ಸಂಜೆ ಅಣ್ಣ ರಾಣೆಬೆನ್ನೂರಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ, ಜನವರಿಗೇ ಮೂರು ಟಿಕೆಟ್ ತೆಗೆಸು ಎಂದ ಅಪ್ಪ.

ಹೀಗೆ ನಾವು ಹೊರಟೆವು. ಮಿರಜದ ದೊಡ್ಡ ಗಾಡಿಯಲ್ಲಿ ಅವ್ವ ಬೋಗಿಯ ಅರ್ಧ ಮಂದಿಗೆ ರೊಟ್ಟಿ, ಶೇಂಗಾ ಚಟ್ನಿಪುಡಿ ತಿನ್ನಿಸಿದಳು. ಕಾಲ್ಕಾದಲ್ಲಿ ನಿಂತ ಪುಟ್ಟ ಗಾಡಿ ನೋಡಿ, ಇದು ನಮ್ಮ ಬ್ಯಾಡಗಿ ಗಾಡಿಯ ಮರಿ ಇರಬೇಕು ಎಂದು ಅದರ ಮೈ ಸವರಿದಳು. ಶಿಮ್ಲಾದಲ್ಲಿ ಇಳಿದರೆ ಹಿಮದ ಸುಳಿವೇ ಇಲ್ಲ. ಅಣ್ಣ ನನ್ನನ್ನು ನೋಡಿದ ನೋಟದಲ್ಲಿ ಇಡೀ ಟೈಮ್‌ಟೇಬಲ್ ಇತ್ತು. ಮರುದಿನ ಬೆಳಿಗ್ಗೆ ಕಿಟಕಿ ತೆರೆದಾಗ ಛಾವಣಿ, ಗಿಡ, ರಸ್ತೆ ಎಲ್ಲ ಬೆಳ್ಳಗಾಗಿದ್ದವು. ಬೀಳಿಸಿದವನು ನಾನೇ ಎಂಬಂತೆ ಎದೆಯುಬ್ಬಿಸಿ ನಿಂತೆ. ಅವ್ವ ಹೊರಗೆ ಹೋಗಿ ಬಗ್ಗಿ ಒಂದು ಹಿಡಿ ತೆಗೆದುಕೊಂಡಳು. ತಿರುಗಿಸಿ ನೋಡಿದಳು, ಮೂಸಿದಳು, ಚೂರು ನಾಲಿಗೆಯ ಮೇಲಿಟ್ಟಳು.

“ಬಣ್ಣ ಬಳದದ್ದಲ್ಲ,” ಎಂದಳು.

ಆಮೇಲೆ ಆ ಏರುಹಾದಿಯಲ್ಲಿ ಅವಳನ್ನು ಹಿಡಿಯಲು ನಮಗಾಗಲಿಲ್ಲ. ತಿರುವು ತಿರುವಿಗೂ ನಾನೂ ಅಣ್ಣನೂ ಸೊಂಟ ಹಿಡಿದು ನಿಲ್ಲುತ್ತಿದ್ದೆವು. ಯಾರ ಕೆಮ್ಮಿಗೆ ಹೆದರಿ ಮನೆಯಲ್ಲಿ ಬಿಟ್ಟು ಬರಲು ಹೊರಟಿದ್ದೆವೋ ಅವಳು ಮುಂದೆ ಹೋಗಿ, ನಿಂತು, ನಮಗಾಗಿ ಕಾಯುತ್ತಿದ್ದಳು. ದಾರಿಯಲ್ಲಿ ಬಂದವರಿಗೆಲ್ಲ ಇವಳು ನಮ್ಮವ್ವ ಎಂದು ಹೇಳಬೇಕೆನಿಸಿತು. ಉಸಿರು ಸಾಲದೆ ಹೇಳಲಿಲ್ಲ.

ವಾಪಸು ಬರುವಾಗ ಹಾವೇರಿ ದಾಟಿ, ಬ್ಯಾಡಗಿ ಹತ್ತಿರವಾಗುತ್ತಿದ್ದಂತೆ ಘಾಟು ಕಿಟಕಿಯಿಂದ ಒಳಗೆ ಬಂತು. ಪರವೂರಿನವರು ಸೀನತೊಡಗಿದರು. ಅವ್ವ ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಪ್ರವಾಸದಲ್ಲಿ ಮೊದಲ ಸಲ ಕೆಮ್ಮಿದಳು. ಕೆಮ್ಮುತ್ತಲೇ ನಕ್ಕು, ನಮ್ಮೂರು ಬಂತು ಎಂದಳು.

ಸ್ಟೇಷನ್ನಿನಲ್ಲಿ ಅಪ್ಪ ನಿಂತಿದ್ದ. ಸುಗ್ಗಿಯ ನಡುವೆ ಅಂಗಡಿ ಬಿಟ್ಟು ಅವನು ಹೀಗೆ ಹೊರಗೆ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. ಹಿಮದ ಸುದ್ದಿ ಕೇಳಲಿಲ್ಲ. ಅಲ್ಲಿ ಕೆಮ್ಮು ಬಂತೇ ಎಂದಷ್ಟೇ ಕೇಳಿದ. ಒಮ್ಮೆಯೂ ಇಲ್ಲ ಎಂದಳು ಅವ್ವ. ಅಪ್ಪ ಅವಳ ಕೈಚೀಲ ಇಸಿದುಕೊಂಡು ಮುಂದೆ ನಡೆದ. ಮನೆಗೆ ಬಂದರೆ ಅಂಗಳ ಖಾಲಿ, ಸೆಗಣಿ ಹಾಕಿ ಸಾರಿಸಿತ್ತು. ತೊಟ್ಟು ಬಿಡಿಸುವ ಕೆಲಸವನ್ನೆಲ್ಲ ಅಪ್ಪ ಅಂಗಡಿಯ ಹಿಂದಿನ ಬಯಲಿನ ಶೆಡ್ಡಿಗೆ ಸಾಗಿಸಿದ್ದ. ಮನಸ್ಸಿದ್ದರೆ ಅಲ್ಲಿಗೆ ಹೋಗು, ಇಲ್ಲದಿದ್ದರೆ ಬಿಡು, ಇನ್ನು ಮನೆಯೊಳಗೆ ಚೀಲ ಬರುವುದಿಲ್ಲ ಎಂದ.

ಅವ್ವ ಹೋಗುತ್ತಾಳೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬೇಕಾದಾಗ. ಒಲೆಯ ಮೇಲಿನ ಕ್ಯಾಲೆಂಡರ್ ಇನ್ನೂ ಅಲ್ಲೇ ಇದೆ. ಬಂದವರಿಗೆಲ್ಲ ಅದರ ತಪ್ಪು ತೋರಿಸುತ್ತಾಳೆ: ನೆರಳಿನಲ್ಲಿ ಹಿಮಕ್ಕೆ ನೀಲಿ ಛಾಯೆ ಇರುತ್ತದೆ, ಇದನ್ನು ಅಚ್ಚು ಹಾಕಿದವನು ಹೋಗಿ ನೋಡಿಲ್ಲ ಎಂದು. ಅಷ್ಟು ದೂರ ಕರೆದೊಯ್ದವರು ಯಾರು ಎಂದು ಯಾರಾದರೂ ಕೇಳಿದರೆ ಅವಳ ಉತ್ತರ ಒಂದೇ.

“ದೊಡ್ಡಾಂವ ತಿಕೀಟು ತಗಿಸಿದ. ಸಣ್ಣಾಂವ ಚೀಲ ಕೆಡವಿದ.”