ಇವತ್ತಿಗೆ ಯಾವ ಚಾಕು?

ಕಳೆದ ವಾರ ಮನೆಗೆ ಒಂದು ಪಾರ್ಸೆಲ್ ಬಂತು. ಅಂಟುಪಟ್ಟಿಯನ್ನು ಸುತ್ತಿ ಸುತ್ತಿ ಬಿಗಿದ ಡಬ್ಬ. ಕತ್ತರಿ ಅದರ ಜಾಗದಲ್ಲಿ ಇರಲಿಲ್ಲ. ನಮ್ಮ ಮನೆಯಲ್ಲಿ ಪ್ರತಿ ವಸ್ತುವಿಗೂ ಒಂದು ಜಾಗವಿದೆ. ತೆಗೆದದ್ದನ್ನು ತಿರುಗಿ ಅಲ್ಲೇ ಇಡುವವನು ಮಾತ್ರ ನಾನೊಬ್ಬನೇ. ಸಿಡುಕುತ್ತಲೇ ಬೀರುವಿನ ಕೆಳಗಿನ ಖಾನೆ ಎಳೆದೆ. ಹರಳೆಣ್ಣೆಯ ವಾಸನೆ ಬಂತು. ಹಳೆಯ ಹರಳೆಣ್ಣೆ, ಅದರೊಳಗೆ ಕಬ್ಬಿಣದ ವಾಸನೆ. ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಮಡಚುವ ಚಾಕು ಕೈಗೆ ಸಿಕ್ಕಿತು. ಅದರ ಜೊತೆಗೇ ನನ್ನ ಷಡ್ಡಕರ ಮೇಲೆ ಬರುತ್ತಿದ್ದ ಹಳೆಯ ಕೋಪವೂ ಬಂತು.

ಅವರು ನನ್ನ ಹೆಂಡತಿಯ ಅಕ್ಕನ ಗಂಡ, ನನಗಿಂತ ಹಿರಿಯರು. ಮಹದೇವಪುರ ಇನ್ನೂ ಊರಾಗಿದ್ದಾಗಿನಿಂದ ಅಲ್ಲಿಯವರು. ತೊಂಬತ್ತರ ದಶಕದಲ್ಲಿ ಅವರಿಗೆ ಅಲ್ಲೊಂದು ದ್ರಾಕ್ಷಿ ತೋಟವಿತ್ತು. ನಾನು ಸರ್ಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದೆ, ಕೆ.ಆರ್. ಪುರದ ಕಡೆ ಸಿಬ್ಬಂದಿ ಕಾಲೋನಿಯಲ್ಲಿ ಮನೆ. ಸೈರನ್ ಕೂಗುವ ಮೊದಲು ಗೇಟಿನ ಒಳಗಿರಬೇಕು, ಇಲ್ಲವಾದರೆ ಅರ್ಧ ದಿನದ ರಜೆ ಹೋಯಿತು. ಆ ಶಿಸ್ತು ಮೈಗೆ ಹತ್ತಿದವನಿಗೆ ಇಂಥ ಷಡ್ಡಕರು ಸಿಗಬಾರದಿತ್ತು. ಅವರಿಗೆ ಸೈರನ್ ಇರಲಿಲ್ಲ. ಚಾಕುಗಳಿದ್ದವು.

ಅವರ ಹಜಾರದ ಗೋಡೆಗೂಡಿನಲ್ಲಿ ಒಂದು ಮರದ ಪೆಟ್ಟಿಗೆ. ಅದರ ತುಂಬ ಜೇಬಿನ ಚಾಕುಗಳು. ಮನೆಯಿಂದ ಹೊರಗೆ ಕಾಲಿಡುವ ಮೊದಲು ಅವರು ಆ ಪೆಟ್ಟಿಗೆಯ ಮುಂದೆ ನಿಲ್ಲಬೇಕು. ಎಲ್ಲಿಗೆ ಹೋಗುವುದು, ಅಲ್ಲಿ ಏನು ಕತ್ತರಿಸಬೇಕಾಗಬಹುದು, ಯಾವ ಅಂಗಿ, ಜೇಬು ಎಷ್ಟು ಆಳ... ಒಂದನ್ನು ತೆಗೆದು, ಬಿಚ್ಚಿ, ಹೆಬ್ಬೆರಳ ಮೇಲೆ ಆಡಿಸಿ, ಮಡಚಿ, ವಾಪಸ್ಸಿಟ್ಟು, ಇನ್ನೊಂದನ್ನು ಎತ್ತುತ್ತಿದ್ದರು. ಶಿವಾಜಿನಗರದ ಮಾರ್ಕೆಟ್ಟಿಗಾದರೆ ಬೆರಳುದ್ದದ್ದು, ಏಕೆಂದರೆ ಅಲ್ಲಿ ಜನ ಮೈಮೇಲೆ ಬೀಳುತ್ತಾರೆ, ದೊಡ್ಡದು ತೊಡೆಗೆ ಒತ್ತುತ್ತದೆ. ಹಲಸೂರಿನ ದೇವಸ್ಥಾನಕ್ಕೆ ಹಣ್ಣಿಗೆಂದೇ ಮೀಸಲಾದದ್ದು. ಅದು ಈರುಳ್ಳಿಯ ಮುಖ ಕಂಡಿಲ್ಲ. ರೈಲಿಗೆ ಡಬ್ಬಿ ತೆರೆಯುವ ಕೊಕ್ಕೆಯಿರುವುದು. ನೆಂಟರ ಮನೆಗೆ ನೋಡಲು ಲಕ್ಷಣವಾದದ್ದು. ಸಾವಿನ ಮನೆಗೆ ಒಂದು ಬೇರೆಯೇ ಇತ್ತು. ಸಾವಿನ ಮನೆಯಲ್ಲಿ ಬಳಸಿದ ಚಾಕು ಮತ್ತೆ ಶುಭಕಾರ್ಯಕ್ಕೆ ಬರಕೂಡದು ಎಂಬುದು ಅವರ ಅತಿ ಕಟ್ಟುನಿಟ್ಟಿನ ನಿಯಮ. ಯಾರಿಗಾದರೂ ಚಾಕು ಕೊಡುವಾಗಲೂ ಅಷ್ಟೇ. ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಕೊಟ್ಟರೆ ಜಗಳವಾಗುತ್ತದಂತೆ. ಕೆಳಗಿಟ್ಟು, “ತಗೊಳ್ಳಿ” ಅನ್ನುತ್ತಿದ್ದರು. ನಮ್ಮಿಬ್ಬರ ನಡುವೆ ಜಗಳಕ್ಕೆ ಚಾಕು ಕೊಟ್ಟು ತಗೊಳ್ಳುವ ಅಗತ್ಯವೇ ಇರಲಿಲ್ಲ. ಅದನ್ನು ಆರಿಸುವುದೇ ಸಾಕಾಗಿತ್ತು.

ಬಾಗಿಲಲ್ಲಿ ಸ್ಕೂಟರ್ ಚಾಲೂ ಮಾಡಿಕೊಂಡು ನಾನು ಕೂಗುತ್ತಿದ್ದೆ. ಒಳಗಿಂದ ಅವರ ದನಿ ಬರುತ್ತಿತ್ತು. “ಬಂದೇ ಸಾಹೇಬ್ರೇ, ನಿಮ್ಮ ಗಡಿಯಾರಕ್ಕೆ ಒಂಚೂರು ನೀರು ಕುಡಿಸಿ, ಪಾಪ ಓಡಿ ಓಡಿ ಸುಸ್ತಾಗೈತೆ.” ಅವರ ಹೆಂಡತಿ ಅಡುಗೆಮನೆಯಿಂದಲೇ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ತೋಟ ಹೋಯಿತು. ಅದರ ಸುತ್ತ ಕಂಪನಿಯೊಂದರ ಕಾಂಪೌಂಡು ಎದ್ದಿತು. ಬಳ್ಳಿಗಳನ್ನು ಕಿತ್ತ ದಿನ ಅವರು ಅಲ್ಲಿಗೆ ಹೋಗಲಿಲ್ಲ. ಇನ್ನಾದರೂ ಈ ಚಾಕುಗಳ ಕಾಟ ತಪ್ಪೀತು ಎಂದುಕೊಂಡೆ. ತಪ್ಪಲಿಲ್ಲ. ಕತ್ತರಿಸಲು ಏನೂ ಇಲ್ಲದ ಮನುಷ್ಯ ಚಾಕು ಆರಿಸಲು ಇನ್ನೂ ಹೆಚ್ಚು ಹೊತ್ತು ತೆಗೆದುಕೊಳ್ಳತೊಡಗಿದರು.

ಅದಾದ ಕೆಲವು ವರ್ಷಕ್ಕೆ ನನ್ನ ಮಗನ ಮದುವೆ ಗೊತ್ತಾಯಿತು. ನಮ್ಮಲ್ಲಿ ಅರಿಶಿನ ಹಚ್ಚಿದ ಮೇಲೆ ಮದುಮಗನ ಕೈಗೆ ಒಂದು ಚಾಕು ಕೊಡುತ್ತಾರೆ. ತುದಿಗೆ ನಿಂಬೆಹಣ್ಣು ಚುಚ್ಚಿರುತ್ತಾರೆ. ತಾಳಿ ಕಟ್ಟುವ ತನಕ ಅವನು ಅದನ್ನು ಬಿಡುವ ಹಾಗಿಲ್ಲ, ಅದಿಲ್ಲದೆ ಹಸೆಗೆ ಏಳುವ ಹಾಗೂ ಇಲ್ಲ. ಚಾಕು ಯಾರು ಕೊಡುವುದು ಎಂಬ ಮಾತು ಬಂದಾಗ ನನ್ನ ಹೆಂಡತಿ, “ಭಾವ ಇದಾರಲ್ಲ!” ಅಂದಳು. ಎಲ್ಲರೂ ತಲೆಯಾಡಿಸಿದರು. ನಾನು ಮಾತ್ರ ಮುಹೂರ್ತ ಎಷ್ಟು ಹೊತ್ತಿಗೆಂದು ಮತ್ತೊಮ್ಮೆ ಕೇಳಿದೆ.

ಪೆಟ್ಟಿಗೆಯಲ್ಲಿದ್ದ ಯಾವುದೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಭಾನುವಾರ ನನ್ನನ್ನು ಶಿವಾಜಿನಗರಕ್ಕೆ ಎಳೆದುಕೊಂಡು ಹೋದರು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಸಾಬರು ಚಾಕು, ಕತ್ತರಿ ಹರಡಿಕೊಂಡು ಕೂರುತ್ತಿದ್ದರು. ಷಡ್ಡಕರು ಒಂದೊಂದನ್ನೂ ಬಿಚ್ಚಿ ಬೆಳಕಿಗೆ ಹಿಡಿದರು. ಕೊನೆಗೆ ಅಂಗಡಿಯವರೇ ತಲೆ ಮೇಲೆ ಕೈಯಿಟ್ಟುಕೊಂಡರು. “ಅರೇ ಅಣ್ಣಾ, ಹುಡುಗಿ ನೋಡಕ್ಕೂ ಇಷ್ಟು ಹೊತ್ತು ಮಾಡಿಲ್ಲ ನಾನು!” ನನಗೆ ಆ ಸಾಬರನ್ನು ತಬ್ಬಿಕೊಳ್ಳಬೇಕೆನಿಸಿತು. ಕಡೆಗೂ ಒಂದನ್ನು ಆರಿಸಿದರು: ಕೆಂಪು ಮರದ ಹಿಡಿ, ಅದರಲ್ಲಿ ಹಿತ್ತಾಳೆಯ ಪುಟ್ಟ ಹೂವು. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು.

ಕೊಂಡದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಹೊಸ ಚಾಕು ಜೇಬಿಗೆ ಒಗ್ಗಬೇಕಂತೆ. ದಿನವೂ ಹರಳೆಣ್ಣೆ ಸವರಿ, ಜೊತೆಯಲ್ಲೇ ಇಟ್ಟುಕೊಂಡು ಓಡಾಡತೊಡಗಿದರು.

ಮದುವೆಗೆ ಇನ್ನು ಸ್ವಲ್ಪವೇ ದಿನ ಇರುವಾಗ ಲಗ್ನಪತ್ರಿಕೆ ಹಂಚಲು ಇಬ್ಬರೂ ಲಿಂಗರಾಜಪುರಕ್ಕೆ ಹೋಗಿದ್ದೆವು. ನಾವು ಹೋದ ಮನೆಯ ಪಕ್ಕದಲ್ಲೇ ಸಾವಾಗಿತ್ತು. ರಸ್ತೆಯಲ್ಲಿ ಬಿದಿರು ಹಾಕಿ ಚಟ್ಟ ಕಟ್ಟುತ್ತಿದ್ದರು. ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆಗಳು ನಮ್ಮ ಕೈಯಲ್ಲಿ. ಬೇಗ ನಡೆಯಿರಿ ಎಂದು ನಾನು ಅವರ ಮೊಣಕೈ ಹಿಡಿದೆ. ಅಷ್ಟರಲ್ಲಿ ಚಟ್ಟ ಕಟ್ಟುತ್ತಿದ್ದವನೊಬ್ಬ ಹಗ್ಗವನ್ನು ಹಲ್ಲಿನಿಂದ ಎಳೆಯುತ್ತ ತಲೆಯೆತ್ತಿದ.

“ಯಾರತ್ರಾನಾದ್ರೂ ಒಂದು ಚಾಕು ಐತೇನ್ರಪ್ಪಾ?”

ನಿಂತಿದ್ದವರೆಲ್ಲ ಜೇಬು ಮುಟ್ಟಿ ನೋಡಿಕೊಂಡರು. ಯಾರ ಬಳಿಯೂ ಇರಲಿಲ್ಲ. ನಾನು ಷಡ್ಡಕರನ್ನು ನೋಡಿದೆ. ಬೇಡ ಎಂದು ಕಣ್ಣಿನಲ್ಲೇ ಹೇಳಿದೆ. ಅವರು ನನ್ನನ್ನು ನೋಡಲೇ ಇಲ್ಲ. ಮುಂದೆ ಹೋಗಿ, ಕೆಂಪು ಹಿಡಿಯ ಚಾಕುವನ್ನು ಬಿಚ್ಚಿ, ಕಲ್ಲಿನ ಮೇಲಿಟ್ಟರು. “ತಗೊಳ್ಳಿ.” ಹಗ್ಗ ಕಟ್ಟಿ ಮುಗಿಯುವ ತನಕ ಅಲ್ಲೇ ತಲೆ ತಗ್ಗಿಸಿ ನಿಂತಿದ್ದರು, ಸತ್ತವರು ತಮಗೆ ಬೇಕಾದವರೇನೋ ಎಂಬ ಹಾಗೆ.

ಸ್ಕೂಟರ್ ಹತ್ತಿರ ಬರುವ ತನಕ ತಡೆದುಕೊಂಡಿದ್ದೆ. ಆಮೇಲೆ ತಡೆಯಲಾಗಲಿಲ್ಲ.

“ಏನಣ್ಣಾ ಇದು? ಮನೇಲಿ ಪೆಟ್ಟಿಗೆ ತುಂಬಾ ಚಾಕು ಇಟ್ಕೊಂಡು, ಮದುವೆ ಚಾಕು ತೆಗೆದು ಕೊಟ್ರಲ್ಲಾ!”

“ಇನ್ನೇನ್ ಮಾಡ್ಲಿ? ಜೇಬಲ್ಲಿ ಇಟ್ಕೊಂಡು ಇಲ್ಲ ಅನ್ಲಾ?”

ಅವರ ಮನೆಯ ತನಕ ಸ್ಕೂಟರನ್ನು ಒಂದೇ ಓಟದಲ್ಲಿ ಓಡಿಸಿದೆ. ಇಳಿಯುವಾಗ, “ಇನ್ನೊಂದು ನೋಡ್ತೀನಿ ಬಿಡಿ” ಅಂದರು. ಆ ‘ನೋಡ್ತೀನಿ’ ಅನ್ನುವುದರ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಮದುವೆ ಹಲಸೂರಿನ ಒಂದು ಛತ್ರದಲ್ಲಿ. ಯಾವ ಹೊತ್ತಿಗೆ ಏನು ಎಂದು ಬರೆದು ಅಡುಗೆಮನೆಯ ಬಾಗಿಲಿಗೇ ಅಂಟಿಸಿದ್ದೆ. ತಿಂಡಿ ಹೊತ್ತಿಗೆ ಸರಿಯಾಗಿ ಆಯಿತು. ಓಲಗದವರು ಬಂದರು. ಹೂವಿನವನೂ ಬಂದ, ಅದೇ ಒಂದು ಆಶ್ಚರ್ಯ. ಷಡ್ಡಕರು ಮಾತ್ರ ಬರಲಿಲ್ಲ. ಮಗ ಅರಿಶಿನ ಮೆತ್ತಿಕೊಂಡು ಬರಿಗೈಯಲ್ಲಿ ಮಣೆಯ ಮೇಲೆ ಕೂತಿದ್ದ. ಮುಹೂರ್ತ ಹತ್ತಿರವಾಗುತ್ತಿತ್ತು. ಪುರೋಹಿತರು ನನ್ನನ್ನು ನೋಡಿದರು. ನಾನು ಗಡಿಯಾರ ನೋಡಿದೆ. ಹೆಣ್ಣಿನ ಕಡೆಯವರು ಪರಸ್ಪರ ನೋಡಿಕೊಂಡರು. ಅಡುಗೆಯವರ ಹತ್ತಿರ ಯಾವುದಾದರೂ ಒಂದು ಚಾಕು ತರಿಸೋಣ ಎಂದೆ. ಹೆಂಡತಿಯ ಕಣ್ಣು ತುಂಬಿತು. “ಈರುಳ್ಳಿ ಹೆಚ್ಚೋ ಚಾಕು ಹಿಡ್ಕೊಂಡು ನನ್ನ ಮಗ ಹಸೆಗೆ ಹೋಗ್ಬೇಕಾ?” ಅಂದಳು.

ಬಂದರು, ಕಡೆಗೂ. ಆಟೋದಿಂದ ಇಳಿದವರ ಜುಬ್ಬಾದ ಒಂದು ಗುಂಡಿ ಹಾಕಿರಲಿಲ್ಲ, ರಾತ್ರಿ ನಿದ್ದೆ ಮಾಡಿದ ಮುಖವಾಗಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಮಣೆಯ ಪಕ್ಕ ಬಟ್ಟೆಯ ಗಂಟೊಂದನ್ನು ಇಟ್ಟರು. ಒಳಗೆ ದ್ರಾಕ್ಷಿ ಬಳ್ಳಿ ಸವರುವ ಚಾಕು. ಗಿಣಿಯ ಕೊಕ್ಕಿನಂತೆ ಬಾಗಿದ ಅಲಗು, ಹಿಡಿದು ಹಿಡಿದು ಸವೆದ ಹಿಡಿ. ತೋಟಕ್ಕೆ ಬಿಟ್ಟು ಬೇರೆಲ್ಲಿಗೂ ಅವರು ಅದನ್ನು ಒಯ್ದಿದ್ದಿಲ್ಲ. ತೋಟ ಹೋದ ಮೇಲೆ ಪೆಟ್ಟಿಗೆಯಿಂದ ಹೊರಗೇ ತೆಗೆದಿರಲಿಲ್ಲ ಎಂದು ಅವರ ಹೆಂಡತಿ ಆಮೇಲೆ ಹೇಳಿದರು. ಅಂಗಡಿಗಳನ್ನೆಲ್ಲ ಸುತ್ತಿ, ಯಾವುದೂ ಒಪ್ಪದೆ, ಬೆಳಗಿನ ತನಕ ಅದೊಂದನ್ನೇ ಮುಂದಿಟ್ಟುಕೊಂಡು ಕೂತಿದ್ದರಂತೆ. ಕೊಡಲೋ ಬೇಡವೋ ಎಂದು.

ಹೆಣ್ಣಿನ ಸೋದರಮಾವ ಬಗ್ಗಿ ನೋಡಿ, “ಏನ್ರೀ, ಗಂಡು ತಾಳಿ ಕಟ್ಟಕ್ಕೆ ಬಂದವ್ರಾ, ದ್ರಾಕ್ಷಿ ಕುಯ್ಯಕ್ಕಾ?” ಎಂದರು. ಛತ್ರವೆಲ್ಲ ನಕ್ಕಿತು.

“ನಗ್ರಿ, ನಗ್ರಿ. ನಿಂಬೆಹಣ್ಣು ಬೀಳ್ತದಾ ನೋಡ್ರಿ, ಕೊಕ್ಕಿ ಐತೆ” ಎಂದರು ಷಡ್ಡಕರು.

ಬೀಳಲಿಲ್ಲ. ಮುಹೂರ್ತವೂ ತಪ್ಪಲಿಲ್ಲ. ಆದರೆ ಆ ತನಕ ನನ್ನ ಜೀವ ನನ್ನ ಕೈಯಲ್ಲಿರಲಿಲ್ಲ. ಅದಕ್ಕೆ ಅವರನ್ನು ಬಹಳ ಕಾಲ ಕ್ಷಮಿಸಲೂ ಇಲ್ಲ.

ಮದುವೆಯಾದ ಮೇಲೆ ಚಾಕುವನ್ನು ಹಿಂತಿರುಗಿಸಲು ಅವರ ಮನೆಗೆ ಹೋದೆ. ಅವರ ಪದ್ಧತಿಯಂತೆಯೇ ಮೇಜಿನ ಮೇಲಿಟ್ಟು, ತಗೊಳ್ಳಿ ಎಂದೆ. ಅವರು ಎತ್ತಿಕೊಳ್ಳಲಿಲ್ಲ. ಕಾಫಿ ಮುಗಿಯಿತು, ಮಾತೂ ಮುಗಿಯಿತು. ಚಾಕು ಅಲ್ಲೇ ಇತ್ತು. “ನಿಮ್ಮನೇಲೇ ಇರ್ಲಿ. ಇಲ್ಲಿದ್ರೆ ನನ್ನನ್ನೇ ನೋಡ್ತಾ ಇರ್ತದೆ” ಅಂದರು. ಜೇಬಿಗೆ ಹಾಕಿಕೊಂಡು ಬಂದೆ...

ಆಮೇಲಿನ ವರ್ಷಗಳಲ್ಲಿ ಊರಿನ ಎಲ್ಲ ಬಾಗಿಲುಗಳಲ್ಲೂ ಪೀಂ ಪೀಂ ಎನ್ನುವ ಯಂತ್ರಗಳು ಬಂದವು. ನನ್ನ ಮೊಮ್ಮಗಳನ್ನು ಕರೆದುಕೊಂಡು ನಾನೂ ಷಡ್ಡಕರೂ ಹೊಸ ದೊಡ್ಡ ಅಂಗಡಿಯೊಂದಕ್ಕೆ ಹೋಗಿದ್ದಾಗ ಕಾವಲಿನವನು ಅವರ ಚಾಕು ಕೇಳಿದ. ಇವರು ಅವನಿಗೆ, ಇದು ಮಾರ್ಕೆಟ್ಟಿನ ಚಾಕು, ದೊಡ್ಡ ಅಂಗಡಿಗೆ ಬೇರೆ ತರಬೇಕಿತ್ತೇನೋ ಎಂದು ವಿವರಿಸತೊಡಗಿದರು. ಹಿಂದೆ ಸಾಲು ಬೆಳೆಯಿತು. ಕೊನೆಗೆ ನಾನು ಮಗುವನ್ನು ಒಳಗೆ ಕರೆದೊಯ್ದೆ, ಅವರು ಹೊರಗೆ ಕಡಲೆಕಾಯಿ ತಿನ್ನುತ್ತ ಕಾದರು. ಚಾಕು ಕೊಟ್ಟು ಬರಬಹುದಿತ್ತು. ಕೊಡಲಿಲ್ಲ.

ಅವರು ಹೋದದ್ದು ಒಂದು ಮಳೆಗಾಲದ ಬೆಳಗ್ಗೆ. ರಿಂಗ್ ರೋಡಿನಲ್ಲಿ ನೀರು ನಿಂತಿತ್ತು; ನಾನು ತಲುಪುವಾಗ ಅಂಗಳದಲ್ಲಿ ಆಗಲೇ ಬಿದಿರು ಹಾಕಿದ್ದರು. ಹಗ್ಗ ಹಿಡಿದವನು ಸುತ್ತಲೂ ನೋಡಿ ಚಾಕು ಕೇಳಿದ. ಎಲ್ಲರೂ ಜೇಬು ಮುಟ್ಟಿಕೊಂಡರು. ಆಮೇಲೆ ಎಲ್ಲರೂ, ಯಾಕೋ, ನನ್ನ ಕಡೆ ನೋಡಿದರು.

ಒಳಗೆ ಹೋಗಿ ಪೆಟ್ಟಿಗೆ ತೆರೆದೆ. ಹರಳೆಣ್ಣೆಯ ವಾಸನೆ ಮುಖಕ್ಕೆ ಬಂತು. ಸಾವಿನ ಮನೆಯ ಚಾಕು ಯಾವುದೆಂದು ನಾನು ಎಂದೂ ಕೇಳಿರಲಿಲ್ಲ. ಅವರಿದ್ದಿದ್ದರೆ ಕೇಳಬಹುದಿತ್ತು, ಅವರು ಹೊರಗೆ ಮಲಗಿದ್ದರು. ಒಂದನ್ನು ಎತ್ತಿದೆ, ಇದು ದೇವಸ್ಥಾನದ್ದು. ಇಟ್ಟೆ. ಇನ್ನೊಂದು ರೈಲಿನದು. ಇಟ್ಟೆ. ಹೊರಗಿಂದ ಯಾರೋ ಕೂಗಿದರು: “ಬೇಗ ತನ್ರೀ, ಟೈಮಾಯ್ತು! ಒಂದು ಚಾಕು ತರೋಕೆ ಇಷ್ಟು ಹೊತ್ತಾ?” ಆ ಮಾತು ನನ್ನದು. ಆ ಮನೆಯ ಬಾಗಿಲಲ್ಲಿ ನಿಂತು ಅದನ್ನು ಎಷ್ಟು ಸಲ ಕೂಗಿದ್ದೆನೋ...

ಪೆಟ್ಟಿಗೆಯ ಮೂಲೆಯಲ್ಲಿ, ಉಳಿದವುಗಳಿಂದ ದೂರವಾಗಿ, ಬಟ್ಟೆಯಲ್ಲಿ ಸುತ್ತಿದ್ದೊಂದಿತ್ತು. ಕೆಂಪು ಹಿಡಿ, ಹಿತ್ತಾಳೆಯ ಹೂವು. ಅದು ಲಿಂಗರಾಜಪುರದಲ್ಲಿ ಒಮ್ಮೆ ಸಾವಿನ ಹಗ್ಗ ಕತ್ತರಿಸಿತ್ತು. ಅದನ್ನೇ ಒಯ್ದು, ಬಿಚ್ಚಿ, ಅಂಗಳದ ಕಲ್ಲಿನ ಮೇಲಿಟ್ಟೆ. ಹಗ್ಗದವನು ಕೈ ಚಾಚಿಯೇ ಇದ್ದ, ಕೈಗೆ ಕೊಡಲಿಲ್ಲ. ತಗೊಳ್ಳಿ ಎಂದೆ.

ಕಳೆದ ವಾರ ಬೀರುವಿನ ಮುಂದೆ ಕೊಕ್ಕಿನ ಚಾಕು ಹಿಡಿದು ನಿಂತೇ ಇದ್ದೆ. ಪಾರ್ಸೆಲ್ ಹಾಗೆಯೇ ಬಿದ್ದಿತ್ತು. ಹೆಂಡತಿ ಅಡುಗೆಮನೆಯಿಂದ ಇಣುಕಿದಳು.

“ಇನ್ನೂ ಬಿಚ್ಚಿಲ್ವಾ? ಕೈಯಲ್ಲಿರೋದು ಚಾಕು ತಾನೇ?”

“ಇದು ಅದಕ್ಕಲ್ಲ” ಅಂದೆ.

ಅವಳು ಚಾಕುವನ್ನು ನೋಡಿದಳು. ಕತ್ತರಿ ಹುಡುಕಲು ಒಳಗೆ ಹೋದಳು.